ಪುಷ್ಯದ ಐತಾರ, ಮೂಕ ಮಾಸ್ತರ

ಮೊನ್ನೆ ಶಾಲೆಯಿಂದ ಬಂದು ಪ್ಯಾಂಟನ್ನು ಬಕೆಟ್ಟಿಗೆ ಹಾಕಿದ್ದೆ. ನನ್ನ ಹೆಂಡತಿ ನೀಲಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ರಿ, ಪಾಠ ಹೇಳಾಕ ಹೋಗಿದ್ರೋ, ಕುರಿ ಕಾಯಾಕ ಹೋಗಿದ್ರೋ?" ಎಂದಳು. ಮೊಳಕಾಲಿನ ಕೆಳಗೆ ಸುತ್ತಲೂ ಉತ್ತರಾಣಿ ಬೀಜ ಕಚ್ಚಿಕೊಂಡಿದ್ದವು. ಈ ಗಿಡ ನಿಮಗೆ ಗೊತ್ತಿಲ್ಲದಿದ್ದರೂ ಅದಕ್ಕೆ ನೀವು ಗೊತ್ತಿರುತ್ತೀರಿ. ಬದುವಿನ ಮೇಲೆ, ಹಾಳುಗೋಡೆಯ ಪಕ್ಕ ಕಡ್ಡಿಯಂತೆ ನಿಂತಿದ್ದು, ಹಾದು ಹೋಗುವವರ ಬಟ್ಟೆಗೆ ತನ್ನ ಸಂಸಾರವನ್ನೆಲ್ಲ ಅಂಟಿಸಿ ಕಳಿಸಿಬಿಡುತ್ತದೆ. ನಾನು ಪಡಸಾಲೆಯಲ್ಲಿ ಕೂತು ಒಂದೊಂದೇ ಬೀಜ ಕೀಳತೊಡಗಿದೆ. ಕೀಳುತ್ತ ಕೀಳುತ್ತ ನನಗೆ ಮಟಕಿಯ ಆ ಬೆಳಗು ನೆನಪಾಯಿತು.

ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಜೇವರ್ಗಿಯಲ್ಲಿ ಹೈಸ್ಕೂಲಿನ ಕನ್ನಡ ಮಾಸ್ತರ. ಒಂದು ಮಾತು ಅಂದೆನಲ್ಲ, ನನ್ನ ಕಷ್ಟವೇ ಅದು. ನನ್ನ ಬಾಯಿಂದ ಮಾತು ಒಂದೇ ಒಂದಾಗಿ ಹೊರಗೆ ಬಂದದ್ದಿಲ್ಲ. ನಮ್ಮ ಕಡೆ ಗುಡಿಗಳಲ್ಲಿ ಏಳು ದಿನ ಹಗಲೂ ರಾತ್ರಿ ನಿಲ್ಲದೆ ಭಜನೆ ನಡೆಯುತ್ತದೆ, ಅದಕ್ಕೆ ಸಪ್ತಾ ಅನ್ನುತ್ತಾರೆ. ಹುಡುಗರು ನನಗೆ 'ಸಪ್ತಾ ಸರ್' ಎಂದು ಹೆಸರಿಟ್ಟಿದ್ದಾರೆ. ಅವರು ಅದನ್ನು ನನ್ನ ಬೆನ್ನ ಹಿಂದೆ ಹೇಳುತ್ತಾರೆ. ಮುಂದೆ ಹೇಳಲು ನಾನು ಎಡೆ ಕೊಟ್ಟರೆ ತಾನೇ.

ಇಂಥವನಿಗೆ ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಅರೆತಲೆನೋವು ಹಿಡಿಯಿತು. ಬಲಗಣ್ಣಿನ ಮೇಲಿನಿಂದ ಕಿವಿಯ ಹಿಂದಿನವರೆಗೆ ಯಾರೋ ಒಳಗೆ ಕೂತು ಕುಟ್ಟಾಣಿ ಕುಟ್ಟಿದ ಹಾಗೆ. ಕಲಬುರಗಿಯ ಡಾಕ್ಟರು ಗುಳಿಗೆ ಕೊಟ್ಟರು, ತಲೆಯ ಫೋಟೋ ತೆಗೆಸಿದರು, ಒಳಗೆ ಏನೂ ಇಲ್ಲ ಅಂದರು. "ಅದು ನಮಗ ಮೊದಲೇ ಗೊತ್ತಿತ್ತು" ಎಂದಳು ನೀಲಾ. ಆಮೇಲೆ, "ನಮ್ಮ ಮುತ್ಯಾನ ಕಡೆ ಹೋಗೂಣು ನಡೀರಿ" ಅಂದಳು.

ನೀಲಾಳ ಮುತ್ಯಾ, ಅಂದರೆ ಅಜ್ಜ, ಶಿವಶರಣಪ್ಪನವರು ಆಳಂದ ತಾಲ್ಲೂಕಿನ ಮಟಕಿಯಲ್ಲಿ ಒಕ್ಕಲುತನ ಮಾಡಿಕೊಂಡು ನಾಟಿ ಔಷಧ ಕೊಡುವವರು. ಕಟ್ಟಾ ಶರಣರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಖಡಕ್ ಮಾತು. ಶುಭದಿನ, ರಾಹುಕಾಲ, ಗುರುಬಲ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ನಿಲ್ಲುತ್ತಿದ್ದರು. ನಮ್ಮ ಮದುವೆಯನ್ನು ಬೇಕೆಂದೇ ಅಮಾವಾಸ್ಯೆಯ ದಿನ, ರಾಹುಕಾಲ ನೋಡಿಕೊಂಡು ಅದರೊಳಗೇ ಮಾಡಿಸಿದವರು. ಅಫಜಲಪುರ ಕಡೆಯ ಅತನೂರಿನ ಹೆಣ್ಣುಮಗಳಾದ ನಮ್ಮವ್ವ ಪಂಚಾಂಗ ಕೇಳದೆ ಉಪ್ಪಿನಕಾಯಿ ಸಹ ಹಾಕಿದವಳಲ್ಲ. ಅಕ್ಷತೆಯ ಹೊತ್ತಿಗೆ ಆಕೆ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಮಗನ ಮದುವೆ ಕಂಡೆಯಾ ಎಂದರೆ ಇವತ್ತಿಗೂ, "ಕೇಳೇನಿ, ಕಂಡಿಲ್ಲ" ಅನ್ನುತ್ತಾಳೆ.

ಅಂಥ ಮುತ್ಯಾ ನನ್ನ ಹಣೆ ಮುಟ್ಟಿ ನೋಡಿ, "ಉತ್ತರಾಣಿ ಬೇರು ಕಿವಿಗೆ ಕಟ್ಟಬೇಕು. ಆದ್ರ ಈಗ ಅಲ್ರಿ ಮಾಸ್ತರ್ರ. ಪುಷ್ಯ ನಕ್ಷತ್ರ ಐತಾರ ಬರ್ತದಲ್ಲ, ಅವತ್ತು" ಅಂದರು.

ನಾನು ಬಿಡುತ್ತೇನೆಯೇ? "ಮುತ್ಯಾ, ನಮ್ಮ ಲಗ್ನಕ್ಕ ಇಲ್ಲದ ನಕ್ಷತ್ರ ಬೇರಿಗೆ ಯಾಕ್ರಿ?" ಎಂದು ಕೇಳಿದೆ.

ಅವರು ಒಂದಿಷ್ಟೂ ಅಳುಕಲಿಲ್ಲ. "ನಕ್ಷತ್ರ ನನಗೂ ಬ್ಯಾಡ, ನಿಮಗೂ ಬ್ಯಾಡ. ಗಿಡಕ್ಕ ಬೇಕು. ಗಿಡಕ್ಕೇನು ಲಿಂಗದೀಕ್ಷಾ ಆಗ್ಯದೇನು?"

ನಾನು ಉತ್ತರ ಹುಡುಕುವುದರೊಳಗೆ ಅವರು ಮುಂದುವರಿದರು. "ಗಿಡದ ಜೀವ ಒಂದ ಜಾಗಾದಾಗ ಕೂಡೂದಿಲ್ರಿ. ಮಳಿಗಾಲದಾಗ ಎಲಿಗೆ ಬಂದು ಕೂಡತದ. ಮಳಿ ಹೋದ ಮ್ಯಾಲ ತೊಗಟಿಗೆ ಇಳೀತದ. ಚಳಿ ಬಿತ್ತು, ಎಲಿ ಒಣಗಿದ್ವು ಅಂದ್ರ ಬೇರಿನ್ಯಾಗ ಹೋಗಿ ಮಲಗತದ. ಈಗ ಬೇರು ಕಿತ್ತರ ಖಾಲಿ ಮನಿ ಬಾಗಲಾ ಬಡದಂಗ. ಎಳ್ಳಮಾಸಿ ಆಗಲಿ, ಬರ್ರಿ."

ಹೀಗೆ ಗಿಡದ ಅನುಕೂಲಕ್ಕಾಗಿ ನನ್ನ ತಲೆನೋವು ನಾಲ್ಕು ತಿಂಗಳು ಸರದಿಯಲ್ಲಿ ನಿಂತಿತು. ಆ ನೋವು ಕಡೆಗೆ ಏನಾಯಿತು ಎಂಬ ಕುತೂಹಲ ನಿಮಗಿದ್ದರೆ ಈಗಲೇ ಹೇಳಿಬಿಡುತ್ತೇನೆ: ಬೇರು ಕಟ್ಟಿದ ಮೇಲೆ ಬೇಸಿಗೆಯವರೆಗೆ ಬರಲಿಲ್ಲ. ಬೇಸಿಗೆಯಲ್ಲಿ ಬಂತು. ಕನ್ನಡಕ ಬದಲಿಸಿದೆ, ಹೋಯಿತು. ಕನ್ನಡಕದ ಅಂಗಡಿಯವರೂ ಮುತ್ಯಾನೂ ಇಬ್ಬರೂ ಅದು ತಮ್ಮಿಂದಲೇ ಅನ್ನುತ್ತಾರೆ. ನಾನು ಇಬ್ಬರಿಗೂ ಹೌದೆಂದಿದ್ದೇನೆ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಆಗಿ ಹದಿನೈದು ದಿನಕ್ಕೆ, ಹುಣ್ಣಿಮೆಯ ಕೂಡ, ಭಾನುವಾರವೇ ಪುಷ್ಯ ಬಂತು. ಮಗಳನ್ನು ನಮ್ಮವ್ವನ ಬಳಿ ಬಿಟ್ಟು ನಾನೂ ನೀಲಾಳೂ ಮುನ್ನಾದಿನವೇ ಮಟಕಿಗೆ ಹೋದೆವು. ಮುತ್ಯಾನ ಮನೆಯಲ್ಲಿ ಪಂಚಾಂಗವಿರಲಿಲ್ಲ. ಇಡುವುದು ಅವರ ತತ್ವಕ್ಕೆ ವಿರುದ್ಧ. ಹಿಟ್ಟಿನ ಗಿರಣಿಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು, ಜೋಳ ಬೀಸಿಸುವ ನೆವದಲ್ಲಿ ಹೋಗಿ ಓರೆಗಣ್ಣಿನಿಂದ ನೋಡಿ ಬರುತ್ತಿದ್ದರು. ನಾನು ನನ್ನ ಮೊಬೈಲಿನಲ್ಲಿ ಸೂರ್ಯೋದಯದ ಹೊತ್ತು ತೋರಿಸಿದರೆ, "ಅದು ಬೆಂಗಳೂರಿನ ಸೂರ್ಯಾ. ಮಟಕಿ ಸೂರ್ಯಾ ಬ್ಯಾರೆ" ಎಂದು ಮೊಬೈಲನ್ನು ಕಸಿದು ಗೋಡೆಯ ಗೂಡಿನಲ್ಲಿಟ್ಟುಬಿಟ್ಟರು.

ಶನಿವಾರ ಸಂಜೆ ಗಿಡಕ್ಕೆ ಆಮಂತ್ರಣ ಕೊಡುವ ಕೆಲಸ. ನಾಳೆ ನಿನ್ನನ್ನು ಕರೆದೊಯ್ಯಲು ಬರುತ್ತೇನೆ ಎಂದು ರೋಗಿಯೇ ಅದಕ್ಕೆ ಹೇಳಬೇಕು. ಊರ ಅಗಸೆ ಬಾಗಿಲಿನಿಂದ ಅರ್ಧ ಮೈಲಿ ದೂರ, ಬಸವಂತರಾಯ ಎಂಬವರ ತೊಗರಿ ಹೊಲದ ಬದುವಿಗೆ ಮುತ್ಯಾ ನನ್ನನ್ನು ಕರೆದೊಯ್ದು ಒಂದು ಒಣಕಲು ಗಿಡ ತೋರಿಸಿದರು. ನಾನು ಕೈ ಮುಗಿದೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಸ್ವಾಗತ ಭಾಷಣ ಮಾಡಿ ಮಾಡಿ ರೂಢಿಯಾದ ಬಾಯಿ. "ಮಾನ್ಯ ಉತ್ತರಾಣಿಯವರೇ" ಎಂದು ಶುರು ಮಾಡಿದವನು, ಅದರ ಕುಲ, ಗುಣ, ಜಾನಪದದಲ್ಲಿ ಅದರ ಸ್ಥಾನ, ನನ್ನ ತಲೆನೋವಿನ ಹಿನ್ನೆಲೆ ಎಲ್ಲವನ್ನೂ ವಿವರಿಸಿ ಉಪಸಂಹಾರಕ್ಕೆ ಬರುತ್ತಿದ್ದೆ. ಮುತ್ಯಾ ನನ್ನ ಭುಜ ಹಿಡಿದು, "ಸಾಕ್ರಿ ಮಾಸ್ತರ್ರ, ಗಿಡಕ್ಕ ತಲಿನೋವು ಬಂದೀತು" ಅಂದರು.

ದಾರಿಯಲ್ಲಿ ವಾಪಸು ಬರುವಾಗ ಮರುದಿನದ ನೇಮಗಳನ್ನು ಹೇಳಿದರು. ನಸುಕಿನಲ್ಲಿ ಎದ್ದು ತಣ್ಣೀರು ಸ್ನಾನ. ಒಬ್ಬನೇ ಹೋಗಬೇಕು. ಉತ್ತರಕ್ಕೆ ಮುಖ ಮಾಡಿ ಕೂಡಬೇಕು. ಕಬ್ಬಿಣ ಮುಟ್ಟಿಸಬಾರದು, ಮೊನೆ ಮಾಡಿದ ಕಟ್ಟಿಗೆಯಿಂದ ಅಗೆಯಬೇಕು. ನಮ್ಮ ನೆರಳು ಗಿಡದ ಮೇಲೆ ಬೀಳಬಾರದು. ಇಷ್ಟರವರೆಗೆ ನಾನು ತಲೆಯಾಡಿಸಿದೆ. ಆಮೇಲೆ ಅವರು, "ಮನಿ ಬಿಟ್ಟಾಗಿಂದ ನಾ ಕಿವಿಗೆ ಬೇರು ಕಟ್ಟೋತನಕ ಒಂದು ಮಾತು ಆಡಬಾರದು" ಅಂದರು. ಹಿಂದೆ ಬರುತ್ತಿದ್ದ ನೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಳಿಗೆ ಇರಬೇಕು ಎಂದುಕೊಂಡೆ.

ಮರುದಿನ ಧೋತರ ಉಟ್ಟು, ಶಾಲು ಹೊದ್ದು, ಕೈಯಲ್ಲಿ ಚೂಪಾದ ಕಟ್ಟಿಗೆ ಹಿಡಿದು ಹೊರಟೆ. ಪಡುವಣದಲ್ಲಿ ಹುಣ್ಣಿಮೆಯ ಚಂದ್ರ ಇನ್ನೂ ಮುಳುಗಿರಲಿಲ್ಲ. ಗಿಡದ ಮುಂದೆ ಕೂತೆ, ನನ್ನ ನೆರಳು ನೆಟ್ಟಗೆ ಅದರ ಮೇಲೆ ಹಾಸಿಕೊಂಡಿತು! ಸೂರ್ಯ ಹುಟ್ಟುವ ಮೊದಲು ನೆರಳೆಲ್ಲಿಯದು ಎಂದು ನಂಬಿದ್ದೆ. ಚಂದ್ರನ ನೆರಳೂ ಲೆಕ್ಕಕ್ಕುಂಟೋ ಎಂದು ಕೇಳೋಣವೆಂದರೆ ಬಾಯಿಲ್ಲ. ಕುಕ್ಕರಗಾಲಿನಲ್ಲೇ ಗಿಡದ ಸುತ್ತ ಕಾಲು ಸುತ್ತು ಸರಿದು ಉತ್ತರಕ್ಕೆ ಮುಖವಾಗುವಂತೆ ಸರಿಪಡಿಸಿಕೊಂಡೆ. ಚಳಿಗಾಲದ ಎರೆಮಣ್ಣು ನಿಮಗೆ ಗೊತ್ತಲ್ಲ, ಮೇಲೆ ಬಿರುಕು, ಒಳಗೆ ಕಲ್ಲು. ಅದನ್ನು ಕಟ್ಟಿಗೆಯಿಂದ ಅಗೆಯುವುದೆಂದರೆ ಹಲ್ಲುಕಡ್ಡಿಯಿಂದ ಗೋಡೆ ಕೊರೆದ ಹಾಗೆ. ಏದುಸಿರು ಬಿಡುತ್ತ, ಕೆರೆಯುತ್ತ, ಕೊನೆಗೆ ಗೇಣುದ್ದದ ಬೇರೊಂದನ್ನು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಟಾರ್ಚಿನ ಬೆಳಕು ಬಿತ್ತು.

"ಯಾರಲೇ ಅಂವ?"

ಅವರು ಬಸವಂತರಾಯ. ಹೊಲದ ಮಾಲಕರು. ಅವರ ಹೊಲದಲ್ಲಿ ತೊಗರಿ ರಾಶಿ ಬಿದ್ದಿತ್ತು. ಹಿಂದಿನ ವಾರ ಪಕ್ಕದ ಹೊಲದಿಂದ ಯಾರೋ ಎರಡು ಚೀಲ ಎತ್ತಿಕೊಂಡು ಹೋಗಿದ್ದರಿಂದ ಅವರು ರಾಶಿಯ ಬಳಿಯೇ ಮಲಗಿದ್ದರು. ಇದ್ಯಾವುದೂ ನನಗೆ ಆಗ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟೇ: ಅಪರಿಚಿತನೊಬ್ಬ ಕತ್ತಲಲ್ಲಿ ಚೂಪು ಕಟ್ಟಿಗೆ ಹಿಡಿದು ತಮ್ಮ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ.

"ಯಾರ್ ಪೈಕಿ ನೀ? ಏನ್ ಮಾಡಾಕತ್ತೀ ಇಲ್ಲಿ? ಬಾಯಿ ಬಿಡು!"

ಉತ್ತರಕ್ಕೆ ಮುಖ ಮಾಡಿ, ಉತ್ತರಾಣಿಯ ಮುಂದೆ ಕೂತವನ ಬಳಿ ಉತ್ತರವಿರಲಿಲ್ಲ. ಎಂಥ ಚೆಂದದ ಶ್ಲೇಷೆ ನೋಡಿ! ಹೊಳೆದದ್ದು ಆಗಲೇ, ಹೇಳುವ ಹಾಗಿರಲಿಲ್ಲ. ನಿಜ ಹೇಳುತ್ತೇನೆ, ಕಳ್ಳನೆಂದು ಸಿಕ್ಕಿಬಿದ್ದದ್ದಕ್ಕಿಂತ ಅದೇ ನನಗೆ ಹೆಚ್ಚು ಸಂಕಟವಾಯಿತು.

ನಾನು ಕೈಸನ್ನೆಗೆ ಇಳಿದೆ. ತಲೆ ಮುಟ್ಟಿಕೊಂಡೆ, ಮುಖ ಕಿವುಚಿದೆ, ಕಿವಿ ಹಿಡಿದೆ, ಆಕಾಶದಲ್ಲಿ ನಕ್ಷತ್ರ ತೋರಿಸಿದೆ. ಬಸವಂತರಾಯರು ಎರಡು ಹೆಜ್ಜೆ ಹಿಂದೆ ಸರಿದರು. "ಕಳ್ಳ ಅಂದ್ಕೊಂಡಿದ್ದೆ. ಹುಚ್ಚನೂ ಅದಾನ" ಎಂದು ನನ್ನ ಶಾಲಿನ ಚುಂಗು ಹಿಡಿದು ಊರ ಕಡೆ ನಡೆಸಿದರು. ಬೇರು ಮಾತ್ರ ನನ್ನ ಮುಷ್ಟಿಯಲ್ಲಿ ಭದ್ರವಾಗಿತ್ತು.

ಅಗಸೆಯ ಮುಂದಿನ ಚಹಾದ ಹೋಟೆಲ್ಲಿನಲ್ಲಿ ಆಗಲೇ ಏಳೆಂಟು ಜನ ಸೇರಿದ್ದರು. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಸುತ್ತ ನಿಂತರು. ಮೂಕ ಎಂದು ಕೆಲವರು, ಮೂಕನ ನಾಟಕ ಎಂದು ಕೆಲವರು. "ಬಿಸಿ ಚಹಾ ಕುಡಸ್ರಿ, ನಾಲಗಿ ಸುಟ್ರ ತಾನಾ ಮಾತಾಡ್ತಾನ" ಎಂದು ಒಬ್ಬ ಸೂಚಿಸಿದ. ಚಹಾ ಬಂತು. ಚಳಿಯಲ್ಲಿ ತಣ್ಣೀರು ಸ್ನಾನ ಮಾಡಿದ ನನಗೆ ಅದು ಅಮೃತದಂತಿತ್ತು. ಊದಿ ಊದಿ ಕುಡಿದು ಲೋಟ ಮುಂದೆ ಚಾಚಿದೆ. ಇನ್ನೊಂದು ಕೊಡಲಿಲ್ಲ.

ಕಡೆಗೆ ಹೋಟೆಲ್ಲಿನವನಿಗೆ ಬುದ್ಧಿ ಹೊಳೆಯಿತು. ಒಂದು ಹಾಳೆ, ಒಂದು ಪೆನ್ನು ತಂದು ಕೊಟ್ಟ. "ಬರಿಯಾಕ ಬರ್ತದೇನು? ಬರಿ."

ನನಗೆ ಜೀವ ಬಂದ ಹಾಗಾಯಿತು. ಮಾತಾಡಬಾರದು ಅಂದಿದ್ದಾರೆ, ಬರೆಯಬಾರದು ಅಂದಿಲ್ಲವಲ್ಲ. 'ಮುತ್ಯಾನ ಮೊಮ್ಮಗಳ ಗಂಡ' ಎಂದು ಗೀಚಿದ್ದರೆ ಆಗುತ್ತಿತ್ತು. ಆದರೆ ಹದಿನಾಲ್ಕು ವರ್ಷ ಹುಡುಗರಿಗೆ ಪತ್ರಲೇಖನ ಕಲಿಸಿದ ಕೈ. ಹಾಳೆಯ ಬಲಮೂಲೆಯಲ್ಲಿ 'ಸ್ಥಳ: ಮಟಕಿ' ಎಂದು ಬರೆದೆ. ಅದರ ಕೆಳಗೆ ದಿನಾಂಕ. ದಿನಾಂಕದ ಕೆಳಗೆ ಎರಡು ಗೆರೆ. ಎಡಕ್ಕೆ ಬಂದು 'ಇಂದ' ಎಂದು ಬರೆದು, ಅಲ್ಪವಿರಾಮ ಹಾಕಿದ್ದೇ ತಡ, ಪೆನ್ನಿನ ಶಾಯಿ ಮುಗಿಯಿತು. ಅಂಗೈಗೆ ಉಜ್ಜಿದೆ, ಬಾಯಿಂದ ಊದಿದೆ, ಝಾಡಿಸಿದೆ. ಮುಗಿದದ್ದು ಮುಗಿದೇ ಹೋಗಿತ್ತು. ಬಸವಂತರಾಯರು ಹಾಳೆ ಎತ್ತಿ ಗಟ್ಟಿಯಾಗಿ ಓದಿದರು: "ಮಟಕಿ. ಇಂದ." ಗುಂಪಿನಲ್ಲಿ ಒಬ್ಬ ಕೂಗಿದ: "ನಮ್ಮ ಊರಿನ ಹೆಸರೂ ಗೊತ್ತದ ಚೋರಗ!"

ಅಷ್ಟರಲ್ಲಿ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಬಸವಂತರಾಯರ ಸೊಸೆ ಗುಂಪು ಕಂಡು ನಿಂತಳು. ನಾನು ಆಕೆಯ ಮುಖ ನೋಡಿದೆ. ರೇಣುಕಾ! ಜೇವರ್ಗಿಯಲ್ಲಿ ನನ್ನ ಕೈಯಲ್ಲಿ ಮೂರು ವರ್ಷ ಕಲಿತ ಹುಡುಗಿ. ಮಟಕಿಗೆ ಕೊಟ್ಟಿದ್ದಾರೆಂಬುದೇ ನನಗೆ ತಿಳಿದಿರಲಿಲ್ಲ. ಮುಗಿಯಿತು, ಬಿಡುಗಡೆಯಾಯಿತು ಎಂದುಕೊಂಡೆ.

ರೇಣುಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಮಾವನಿಗೆ ಹೇಳಿದಳು: "ಮಾವಾರ, ಇವರು ಥೇಟ್ ನಮ್ಮ ಕನ್ನಡ ಸರ್ ಇದ್ದಂಗ ಅದಾರ್ರಿ."

ನಾನು ಜೋರಾಗಿ ತಲೆಯಾಡಿಸಿದೆ.

"ಆದ್ರ ಅವರಲ್ಲರಿ," ಎಂದಳು ರೇಣುಕಾ. "ನಮ್ಮ ಸರ್ ಇಷ್ಟೊತ್ತು ಸುಮ್ಮ ಕೂಡಾಕ ಸಾಧ್ಯನೇ ಇಲ್ರಿ. ಹಾಜರಿ ಹಿಡೀಬೇಕಾದ್ರ ಒಂದೊಂದು ಹೆಸರಿನ ಅರ್ಥ ಹೇಳಿ ಗಂಟಿ ಹೊಡಸ್ತಿದ್ರು. ಇಂವ ಯಾರೋ ಬ್ಯಾರೆ."

ಇದಕ್ಕಿಂತ ಕಟುವಾದ ಸಾಕ್ಷಿಯನ್ನು ಯಾವ ಶಿಷ್ಯೆಯೂ ಯಾವ ಗುರುವಿನ ವಿರುದ್ಧ ಹೇಳಿರಲಾರಳು. ಬಸವಂತರಾಯರು ಆಕೆಯ ಕೈಗೆ ಹಾಳೆ ಕೊಟ್ಟು, "ನೋಡು, ಇದನ್ನ ಬರದಾನ" ಅಂದರು. ಆಕೆ ಹಾಳೆಯನ್ನು ಬೆಳಕಿಗೆ ಹಿಡಿದಳು. ಬಲಮೂಲೆಯ ದಿನಾಂಕ, ಅದರ ಕೆಳಗಿನ ಎರಡು ಗೆರೆ, 'ಇಂದ' ಆದ ಮೇಲಿನ ಗುಂಡಗಿನ ಅಲ್ಪವಿರಾಮ. ಆಕೆಯ ಮುಖ ಬಿಳಚಿಕೊಂಡಿತು.

"ಅಯ್ಯೋ ಶಿವನ! ಸರ್ ನೀವಾ ಏನ್ರಿ? ನಿಮಗೇನಾತ್ರಿ? ಮಾತು ಹೋತೇನ್ರಿ ಸರ್?" ಎಂದು ಬುತ್ತಿ ಕೆಳಗಿಟ್ಟು ಅಳಲಾರಂಭಿಸಿದಳು. "ನನಗ ಪತ್ರ ಬರಿಯೋದು ಕಲಿಸಿದವರು ಇವರಾ ಮಾವಾರ. ಎಷ್ಟ್ ಮಾತಾಡ್ತಿದ್ರು... ಎಷ್ಟ್ ಮಾತಾಡ್ತಿದ್ರು..."

ಗುಂಪಿನ ಧಾಟಿಯೇ ಬದಲಾಯಿತು. ಬಸವಂತರಾಯರು ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. "ಲಕ್ವಾ ಹೊಡದದ" ಅಂದ ಒಬ್ಬ. "ಬಾಯಿ ಸೊಟ್ಟ ಆಗಿಲ್ಲಲ್ಲ" ಅಂದ ಮತ್ತೊಬ್ಬ ನನ್ನ ಗದ್ದ ಹಿಡಿದು ನೋಡಿ. "ಆಗಾಕತ್ತದ, ಆಗಾಕತ್ತದ" ಅಂದ ಮೂರನೆಯವ. ಆಳಂದದ ಆಸ್ಪತ್ರೆಗೆ ಸಾಗಿಸಲು ತೊಗರಿ ತುಂಬುವ ಟೆಂಪೋ ತರಲು ಇಬ್ಬರು ಓಡಿದರು. ಇಬ್ಬರು ನನ್ನ ಕಾಲು ತಿಕ್ಕತೊಡಗಿದರು. ರೇಣುಕಾಳ ಅಳು ಕೇಳಿ ನನಗೂ ಕಣ್ಣು ತುಂಬಿತು. ಸತ್ತ ಮೇಲೆ ನಮ್ಮ ಬಗ್ಗೆ ಏನು ಹೇಳುತ್ತಾರೋ ಎಂದು ಕೇಳುವ ಭಾಗ್ಯ ಎಷ್ಟು ಮಾಸ್ತರರಿಗೆ ಸಿಗುತ್ತದೆ?

ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ನೀಲಾ, ಅವಳ ಹಿಂದೆ ಕೋಲೂರಿಕೊಂಡು ಮುತ್ಯಾ ಬಂದರು. ಮುತ್ಯಾ ಗುಂಪು ನೋಡಲಿಲ್ಲ, ಅಳುವವಳನ್ನು ನೋಡಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದು ಕೇಳಿದರು: "ಮಾತಾಡಿದ್ರೇನು?"

ಇಲ್ಲವೆಂದು ತಲೆಯಾಡಿಸಿ ಮುಷ್ಟಿ ಬಿಚ್ಚಿ ಬೇರು ತೋರಿಸಿದೆ.

"ಭೇಷ್!" ಎಂದು ಬೆನ್ನು ತಟ್ಟಿದರು. ಆಮೇಲೆ ಬಸವಂತರಾಯರ ಕಡೆ ತಿರುಗಿ, "ತಪ್ಪು ನಂದಪಾ. ಗಿಡಕ್ಕ ಹೇಳಿದ್ವಿ, ಹೊಲದವಗ ಹೇಳೋದು ಬಿಟ್ಟಿವಿ" ಅಂದರು.

ಸಂಗತಿ ತಿಳಿದ ಮೇಲೆ ಜನ ನಕ್ಕರು, ಬಸವಂತರಾಯರು ನನ್ನ ಕೈ ಹಿಡಿದು ನಾಲ್ಕು ಸಲ ಮಾಫಿ ಕೇಳಿದರು. ಅದಕ್ಕೂ ತಲೆಯಾಡಿಸುವುದೇ ಗತಿ. ಬೇರು ಕಟ್ಟುವುದು ಮನೆಯಲ್ಲೇ ಆಗಬೇಕು. ಮುತ್ಯಾ ನಡೆದರು. ಸಪ್ತಾ ಸರ್ ಬಾಯಿ ಬಿಡುವುದನ್ನು ನೋಡಲೆಂದು ಇಡೀ ಗುಂಪು ಹಿಂದೆ ಹೊರಟಿತು. ನಡುವೆ ನಾನು ಮತ್ತು ನೀಲಾ.

ನಾಲ್ಕು ಹೆಜ್ಜೆ ಹೋಗಿರಬೇಕು. ನೀಲಾ ಮೆಲ್ಲಗೆ, "ನಿಮಗೊಂದು ಮಾತು ಹೇಳಬೇಕು" ಎಂದಳು.

ನಾನು ಹೂಂ ಎನ್ನಲಿಲ್ಲ. ಎನ್ನುವ ಹಾಗಿರಲಿಲ್ಲ.

"ದಸರಾದಿಂದ ಹೇಳಬೇಕಂತ ಮಾಡೇನಿ. ಮೊದಲನೇ ಸಲ 'ಮುತ್ಯಾ ಹೇಳಾಕತ್ತಿದ್ದ' ಅಂದೆ. ಮುತ್ಯಾ ಅನ್ನೋ ಶಬ್ದ ಎಲ್ಲಿಂದ ಬಂತು ಅಂತ ನೀವು ಸುರು ಮಾಡಿದ್ರಿ, ರೊಟ್ಟಿ ಆರಿ ಹೋದ್ವು. ಎರಡನೇ ಸಲ 'ಔಷಧಿದ್ದು ಒಂದು ವಿಚಾರ' ಅಂದೆ. ಔಷಧ ಖರೆಯೋ ಔಷಧಿ ಖರೆಯೋ ಅಂತ ಹೇಳ್ಕೋತ ಕುಂತ್ರಿ, ನನಗ ನಿದ್ದಿ ಬಂತು. ಮೂರನೇ ಸಲ ನೀವು ಏನೂ ಅನಲಿಲ್ಲ. ಖುಷಿ ಆಗಿ ಎಲ್ಲಾ ಹೇಳಿದೆ. ನೋಡಿದ್ರ ನಿಮಗ ನಿದ್ದಿ ಬಂದಿತ್ತು."

ನಾನು ಅಪರಾಧಿಯ ಮುಖ ಮಾಡಿದೆ. ಆ ಬೆಳಿಗ್ಗೆ ಅದು ಸುಲಭವಾಗಿ ಬರುತ್ತಿತ್ತು.

"ಮುತ್ಯಾನ ಕೈ ನಡಗಾಕತ್ತಾವ. ಅವನ ಔಷಧಾ ಕಲಿಯವರು ಯಾರೂ ಇಲ್ಲ. ಕಾಕಾನ ಮಕ್ಕಳು ಕೇಳಿದ್ರ ನಗ್ತಾರ. ನಾ ಕಲೀತೇನಿ ಅಂದೆ. ಹೆಣ್ಣಮಕ್ಕಳಿಗೆ ಕೊಡೋ ಪದ್ಧತಿ ಇಲ್ಲ ಅಂದ. ಶರಣರ ಮನ್ಯಾಗ ಹೆಣ್ಣು ಗಂಡು ಅಂತ ಫರಕ್ ಯಾವಾಗಿಂದ ಬಂತು ಮುತ್ಯಾ ಅಂತ ಕೇಳಿದೆ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ತಾನಾ ಮಾಡಿ, ಬಾ ಅಂದ."

ಮುಂದೆ ಹೋಗುತ್ತಿದ್ದ ಮುತ್ಯಾನ ಕೋಲಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

"ಕಲಿಯಾಕ ಒಂದು ವರ್ಷ ಹಿಡೀತದ. ಎಲಿ ಯಾವಾಗ ಕೀಳಬೇಕು, ತೊಗಟಿ ಯಾವಾಗ ತಗೀಬೇಕು, ಬೇರು ಯಾವಾಗ, ಬಾಯಿಲೆ ಹೇಳಿದ್ರ ಬರೂದಿಲ್ಲಂತ. ಆರೂ ಋತು ಹೊಲದಾಗ ನಿಂತು ನೋಡಬೇಕಂತ. ಹದಿನೈದು ದಿನಕ್ಕೊಮ್ಮಿ ಶನಿವಾರ ಬಸ್ ಹತ್ತತೇನಿ, ಸೋಮವಾರ ಬರ್ತೇನಿ. ಆವಾಗ ನಿಮಗೂ ಮಗಳಿಗೂ ನೀವಾ ರೊಟ್ಟಿ ಬಡೀಬೇಕು."

ನನ್ನ ಗಂಟಲಿಗೆ ಒಮ್ಮೆಲೇ ಹನ್ನೆರಡು ಆಕ್ಷೇಪಣೆಗಳು ಏರಿ ಬಂದವು. ಜೇವರ್ಗಿಯಿಂದ ಕಲಬುರಗಿ, ಕಲಬುರಗಿಯಿಂದ ಆಳಂದ, ಅಲ್ಲಿಂದ ಮಟಕಿ, ಮೂರು ಬಸ್ಸು. ಮಗಳ ಓದು. ನನ್ನ ಪೇಪರ್ ತಿದ್ದುವ ಕೆಲಸ. ನೆರೆಹೊರೆಯವರು ಏನೆಂದಾರು. ಒಂದೊಂದಕ್ಕೂ ಉದಾಹರಣೆ ಸಹಿತ ಕಾಲು ಗಂಟೆ ಮಾತಾಡಬಲ್ಲೆ. ತುಟಿ ಬಿಗಿಹಿಡಿದು ನಡೆದೆ. ಹೀಗಾಗಿ ಆಕೆಯ ಮುಂದಿನ ಮಾತು ನನಗೆ ಕೇಳಿಸಿತು. ಅದನ್ನು ಆಕೆ ನನ್ನ ಕಡೆ ನೋಡದೆ, ದಾರಿ ನೋಡುತ್ತ ಹೇಳಿದಳು.

"ಹತ್ತನೇ ಕ್ಲಾಸ್ ಆದ ಮ್ಯಾಲ ನನಗ ಯಾರೂ ಏನೂ ಕಲಸಲಿಲ್ರಿ. ನೀವು ಊರ ಹುಡುಗರಿಗೆಲ್ಲಾ ಕಲಸ್ತೀರಿ. ಲಗ್ನ ಆಗಿ ಹನ್ನೊಂದು ವರ್ಷ ಆತು. ನಿನಗೇನು ಕಲೀಬೇಕನಸ್ತದ ಅಂತ ಒಂದು ಸಲ ಕೇಳಿಲ್ಲ ನೀವು."

ಮನೆಯವರೆಗೆ ನಾವಿಬ್ಬರೂ ಸುಮ್ಮನೆ ನಡೆದೆವು. ಮಾತಾಡಬಾರದೆಂಬ ನೇಮವಿಲ್ಲದಿದ್ದರೂ ಆ ಹೊತ್ತು ನನ್ನ ಬಾಯಿಂದ ಏನೂ ಬರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮುತ್ಯಾ ಪಡಸಾಲೆಯಲ್ಲಿ ನನ್ನನ್ನು ಕೂಡಿಸಿ, ಬೇರು ತೊಳೆದು, ಒಂದು ತುಂಡು ಮುರಿದು ಬಿಳಿ ದಾರದಿಂದ ಬಲಗಿವಿಗೆ ಕಟ್ಟಿದರು. ನಿಜಕ್ಕೂ ಅವರ ಬೆರಳು ನಡುಗುತ್ತಿದ್ದವು. ಗಂಟು ಬೀಳದೆ ಮೂರು ಸಲ ಜಾರಿತು. ಕಡೆಗೆ ನೀಲಾ ಬಂದು ದಾರದ ತುದಿ ಹಿಡಿದು ಬಿಗಿದಳು. ಬಾಗಿಲ ತುಂಬ ಬಸವಂತರಾಯರು, ರೇಣುಕಾ, ಹೋಟೆಲ್ಲಿನವನು, ಕಾಲು ತಿಕ್ಕಿದವರು, ಟೆಂಪೋ ತಂದವರು.

"ಹಾಂ, ಆತು," ಎಂದರು ಮುತ್ಯಾ. "ಈಗ ಮಾತಾಡ್ರಿ ಮಾಸ್ತರ್ರ."

ರೇಣುಕಾ ಮಾವನ ತೋಳು ಹಿಡಿದುಕೊಂಡಳು. ಹೇಳಬೇಕಾದದ್ದು ಎದೆಯಲ್ಲಿ ರಾಶಿ ಬಿದ್ದಿತ್ತು: ಕಳ್ಳನಲ್ಲವೆಂಬುದು, ಚಂದ್ರನ ನೆರಳಿನ ಪ್ರಶ್ನೆ, ಉತ್ತರಾಣಿಯ ಶ್ಲೇಷೆ. ನಾನು ಗಂಟಲು ಸರಿಮಾಡಿಕೊಂಡು ನೀಲಾಳ ಕಡೆ ತಿರುಗಿದೆ.

"ಜೋಳದ ಹಿಟ್ಟು ನಾದಾಕ ತಣ್ಣೀರು ಹಾಕಬೇಕೋ, ಬಿಸಿನೀರೋ?"

ಬಾಗಿಲಲ್ಲಿ ಯಾರೋ, "ನೆತ್ತಿಗೇರಿತು ನೋಡ್ರಿ" ಎಂದು ಪಿಸುಗುಟ್ಟಿದರು. "ಟೆಂಪೋ ಹೋಗಿಲ್ಲಲ್ಲ?" ಎಂದು ಬಸವಂತರಾಯರು ಕೇಳುತ್ತಿದ್ದರು. ನೀಲಾ ದಾರದ ಉಳಿದ ತುಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಕುದಿಯೋ ನೀರು," ಎಂದಳು. "ಕೈ ಸುಡ್ತದ, ತಡಕೋಬೇಕು."